ಕ್ಯಾಶ್: ಬಚ್ಚಿಟ್ಟ ದಾಸ್ತಾನಿನ ಹೆಸರು

'ಕ್ಯಾಶ್ ಕ್ಲಿಯರ್ ಮಾಡಿ' ಅನ್ನುವ ಸಲಹೆ ಮೊಬೈಲ್ ಇರುವ ಎಲ್ಲರಿಗೂ ಗೊತ್ತು. ಇದು (cache) ದುಡ್ಡಿನ ಕ್ಯಾಶ್ (cash) ಅಲ್ಲ. ದುಡ್ಡಿನ ಕ್ಯಾಶ್ ಹುಟ್ಟಿದ್ದು ಪೆಟ್ಟಿಗೆ ಎಂಬ ಅರ್ಥದ ಪದದಿಂದ. ಈ ಕ್ಯಾಶ್‌ನ ಮೂಲ ಫ್ರೆಂಚಿನ 'ಕಾಶೇ', ಅಂದರೆ ಬಚ್ಚಿಡು. ಫ್ರಾನ್ಸಿನ ಮಕ್ಕಳು ಕಣ್ಣಾಮುಚ್ಚಾಲೆಯನ್ನು 'ಕಾಶ್-ಕಾಶ್' ಎಂದೇ ಕರೆಯುತ್ತಾರೆ.

ಇಂಗ್ಲಿಷಿಗೆ ಈ ಪದ ಕೊಟ್ಟವರು ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಫ್ರೆಂಚ್ ಮಾತಿನ ಜನ. ದೋಣಿಯಲ್ಲಿ ಹೊರಲಾಗದಷ್ಟು ಸರಕಿದ್ದರೆ ನೆಲದಲ್ಲಿ ಹೂತು ಮುಂದೆ ಹೋಗುತ್ತಿದ್ದರು. ಅಮೆರಿಕದ ಪಶ್ಚಿಮ ಭಾಗವನ್ನು ಅರಸಿ ಹೊರಟ ತಂಡದ ನಾಯಕ ಮೆರಿವೆದರ್ ಲೂಯಿಸ್ 1805ರ ಜೂನ್‌ನಲ್ಲಿ ಮಿಸೌರಿ ನದಿಯ ದಂಡೆಯಲ್ಲಿ ಕೂತು ಈ ಕೆಲಸದ ಕ್ರಮವನ್ನು ದಿನಚರಿಯಲ್ಲಿ ಬರೆದಿದ್ದಾನೆ. ಮೊದಲು ಸುಮಾರು 20 ಇಂಚು ಅಗಲದ ಹುಲ್ಲುಹೆಂಟೆಯನ್ನು ಮೆಲ್ಲಗೆ ಎತ್ತಿಡಬೇಕು. ಒಂದಡಿ ನೇರವಾಗಿ ಅಗೆದ ಮೇಲೆ ಗುಂಡಿಯನ್ನು ಅಗಲ ಮಾಡುತ್ತಾ ಆರೇಳು ಅಡಿ ಇಳಿಯಬೇಕು. ತೆಗೆದ ಮಣ್ಣನ್ನು ಬಟ್ಟೆಯ ಮೇಲೆ ಹಾಕಿ, ಹೊತ್ತೊಯ್ದು ಹೊಳೆಗೆ ಸುರಿಯಬೇಕು. ತಳಕ್ಕೆ ಒಣಕಡ್ಡಿ, ಹುಲ್ಲು. ಕೊನೆಗೆ ಅದೇ ಹುಲ್ಲುಹೆಂಟೆಯನ್ನು ಮುಚ್ಚಿದರೆ ಗುರುತೇ ಸಿಗದು. ಅವನು ಈ ಗುಂಡಿಗಳ ಹೆಸರನ್ನು ದುಡ್ಡಿನ ಕ್ಯಾಶ್‌ನ ಕಾಗುಣಿತದಲ್ಲೇ ಬರೆದಿದ್ದಾನೆ! ಮರುವರ್ಷ ಇಂಥ ಇನ್ನೊಂದು ಗುಂಡಿ ತೆಗೆದಾಗ ನೀರು ನುಗ್ಗಿತ್ತು. ಅವನು ಕಷ್ಟಪಟ್ಟು ಕೂಡಿಹಾಕಿದ್ದ ಗಿಡಗಳ ಮಾದರಿಗಳೆಲ್ಲ ಹಾಳಾಗಿದ್ದವು. ಮಿಸೌರಿಯ ನಕ್ಷೆ ಮಾತ್ರ ಹೇಗೋ ಉಳಿದಿತ್ತು.

ಉತ್ತರ ಕರ್ನಾಟಕದವರಿಗೆ ಇದನ್ನು ಓದಿದ ಕೂಡಲೇ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಹಗೇವು ನೆನಪಾಗುತ್ತದೆ, ಅಲ್ವಾ? ಕಿರಿದಾದ ಬಾಯಿ, ದೊಡ್ಡ ಹೊಟ್ಟೆ, ಒಳಗೆ ಹುಲ್ಲಿನ ಹೊದಿಕೆ, ಅದರೊಳಗೆ ಜೋಳ. ಕ್ಯಾಶ್‌ಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಕಾಣುವುದಿಲ್ಲ.

ಕಂಪ್ಯೂಟರ್ ಲೋಕಕ್ಕೆ ಪದ ಬಂದದ್ದು 1968ರ ಸುಮಾರಿಗೆ. ಐಬಿಎಂ ಕಂಪನಿಯ ಸಿಸ್ಟಂ/360 ಮಾಡೆಲ್ 85 ಎಂಬ ಕಂಪ್ಯೂಟರಿನಲ್ಲಿ ಮುಖ್ಯ ಮೆಮೊರಿಗಿಂತ ತುಂಬ ವೇಗದ ಒಂದು ಪುಟ್ಟ ಮೆಮೊರಿ ಇತ್ತು. ಪದೇಪದೇ ಬೇಕಾಗುವ ಮಾಹಿತಿಯ ಪ್ರತಿ ಅದರಲ್ಲಿರುತ್ತಿತ್ತು. ಎಂಜಿನಿಯರುಗಳು ಅದನ್ನು 'ಹೈಸ್ಪೀಡ್ ಬಫರ್' ಎನ್ನುತ್ತಿದ್ದರು. ಕಂಪನಿಯ ಪತ್ರಿಕೆಯ ಸಂಪಾದಕ ಲೈಲ್ ಜಾನ್ಸನ್ 'ಕ್ಯಾಶ್' ಎಂಬ ಹೆಸರು ಸೂಚಿಸಿದ. ಸುಮ್ನೆ ಚೆಂದಕ್ಕೆ ಇಟ್ಟ ಹೆಸರಾಗಿ ಅದು ಉಳಿಯಲಿಲ್ಲ. ಆ ಮೆಮೊರಿ ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಬೀಳದೆ ತಾನೇ ಕೆಲಸ ಮಾಡುತ್ತಿತ್ತು. ಬಚ್ಚಿಟ್ಟದ್ದು ಅನ್ನುವ ಅರ್ಥ ಅದಕ್ಕೆ ಸರಿಯಾಗಿ ಒಪ್ಪಿತು.

ಬ್ರೌಸರಿನ ಕ್ಯಾಶ್ ಕೂಡ ಹಾಗೆಯೇ. ಒಮ್ಮೆ ನೋಡಿದ ಪುಟದ ಚಿತ್ರಗಳನ್ನು ಫೋನಿನಲ್ಲೇ ಇಟ್ಟುಕೊಂಡು, ಮುಂದಿನ ಸಲ ಬೇಗ ತೋರಿಸುತ್ತದೆ. ಅದನ್ನು ಅಳಿಸಿದರೆ ಫೋಟೋಗಳು ಹೋಗುತ್ತವೆ ಎಂಬ ಹೆದರಿಕೆ ಬೇಡ. ಪುಟಗಳು ಒಂದೆರಡು ಸಲ ನಿಧಾನವಾಗಿ ತೆರೆಯಬಹುದು, ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಅದರ ಪಕ್ಕದಲ್ಲೇ ಇರುವ 'ಕ್ಲಿಯರ್ ಸ್ಟೋರೇಜ್' ಒತ್ತುವ ಮುಂಚೆ ಮಾತ್ರ ಜಾಸ್ತಿ ಎಚ್ಚರ ಇರಲಿ. ಅದು ಆ ಆ್ಯಪ್‌ನ ಲಾಗಿನ್, ಸೆಟ್ಟಿಂಗ್ ಎಲ್ಲವನ್ನೂ ಅಳಿಸುತ್ತದೆ.