ಟೀಮಿನಲ್ಲಿ ಯಾರ ಬಲ ಎಲ್ಲಿದೆ? ಲೀಡರ್ ಆಗಲು ಹೊರಟವರಿಗೆ ನನ್ನ ಟಿಪ್ಪಣಿ

"ಒಳ್ಳೆಯ ನಾಯಕ ತಂಡದ ಎಲ್ಲರ ಸಾಮರ್ಥ್ಯವನ್ನು ಗುರುತಿಸುತ್ತಾನೆ." ಈ ಸಾಲನ್ನು ಬಾಯಿಪಾಠ ಮಾಡಿ ಬರೆದರೆ ಅಂಕ ಸಿಗಬಹುದು. ಆದರೆ ನಾಯಕತ್ವದ ಪಾಠ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ದಿನಾ ಜೊತೆಗೇ ಕೂತು ಕೆಲಸ ಮಾಡುವವರ ಸಾಮರ್ಥ್ಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲವಲ್ಲ, ಯಾಕೆ?

ನಂದೇ ಒಂದು ಎಡವಟ್ಟು ಹೇಳಿ ಶುರು ಮಾಡುತ್ತೇನೆ. ನಾಲ್ಕು ಜನರ ಪ್ರಾಜೆಕ್ಟ್, ಲೀಡರ್ ನಾನು. ಒಬ್ಬ ಒಳ್ಳೆ ಮಾತುಗಾರ. ಅವನು ಬಾಯಿ ತೆಗೆದರೆ ಎಲ್ಲರೂ ತಲೆಯಾಡಿಸುತ್ತಿದ್ದೆವು. ಇನ್ನೊಬ್ಬಳು ಮೀಟಿಂಗಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಇವಳಿಗೆ ಆಸಕ್ತಿ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಸರ್ವೆ ಅಂಕಿಅಂಶ, ಚಾರ್ಟ್ ಎಲ್ಲ ಅವನಿಗೆ. ಪುಟದ ಸಂಖ್ಯೆ ಹಾಕುವುದು, ಅಕ್ಷರದ ಗಾತ್ರ ಸರಿ ಮಾಡುವುದು ಅವಳಿಗೆ. ವರದಿ ಒಪ್ಪಿಸುವ ಹಿಂದಿನ ರಾತ್ರಿ ಅವಳ ಮೆಸೇಜ್ ಬಂತು: "ಮೂರನೇ ಪುಟದಲ್ಲಿ ಉತ್ತರ ಕೊಟ್ಟವರು 62 ಅಂತ ಇದೆ. ಏಳನೇ ಪುಟದ ಚಾರ್ಟ್ ಕೂಡಿದರೆ 68 ಬರುತ್ತೆ. ಯಾವುದು ಸರಿ?"

ಆರು ಜನರ ಉತ್ತರ ಎರಡೆರಡು ಸಲ ಸೇರಿಹೋಗಿತ್ತು. ಆ ಚಾರ್ಟನ್ನು ನಾನೂ ನೋಡಿದ್ದೆ, "ಸೂಪರ್" ಅಂದಿದ್ದೆ. ಯಾವಾಗ ಗೊತ್ತಾಯಿತು ಎಂದು ಕೇಳಿದರೆ ಅವಳು ಹೇಳಿದ್ದು: "ಸೋಮವಾರನೇ ನೋಡಿದ್ದೆ. ನೀವೆಲ್ಲ ನೋಡಿರ್ತೀರಿ ಅಂದ್ಕೊಂಡೆ." ಅವತ್ತು ಗುರುವಾರ.

ಈ ಘಟನೆಯಲ್ಲಿ ಎರಡು ತಪ್ಪುಗಳು ಕಲೆತಿವೆ. ಎರಡನ್ನೂ ಮನಃಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ.

ಒಂದು ಗುಣ ನೋಡಿ ಎಲ್ಲದಕ್ಕೂ ಅಂಕ ಕೊಡುವುದು

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ಲೇಖನ ಬರೆದರು. ಸೇನೆಯ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಿತ್ತು. ಬಂದ ಅಂಕಗಳು ಅನುಮಾನ ಬರುವಷ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರಲ್ಲಿ ಜಾಸ್ತಿ ಪಡೆದವನಿಗೆ ಉಳಿದವುಗಳಲ್ಲೂ ಜಾಸ್ತಿ. ಮೈಕಟ್ಟಿಗೂ ಬುದ್ಧಿಗೂ ಅಷ್ಟು ನಂಟು ಎಲ್ಲಿಂದ ಬರಬೇಕು? ನೋಡುವವರ ಮನಸ್ಸಿನಲ್ಲಿ ಒಟ್ಟಾರೆ "ಇವನು ಒಳ್ಳೆಯವನು" ಎಂಬ ಭಾವನೆ ಕೂತಿತ್ತು, ಅದೇ ಎಲ್ಲ ಕಾಲಂಗೂ ಹರಡಿತ್ತು. ಇದನ್ನೇ ಹೇಲೋ ಎಫೆಕ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಪ್ರಭಾವಳಿ ಪರಿಣಾಮ ಎಂದರೆ ಚೆನ್ನಾಗಿ ಹೊಂದುತ್ತದೆ.

ನಾನು ಮಾಡಿದ್ದೂ ಅದೇ. ಅವನ ಮಾತು ಚೆನ್ನಾಗಿತ್ತು, ಹಾಗಾಗಿ ಲೆಕ್ಕವೂ ಚೆನ್ನಾಗಿರುತ್ತದೆ ಅಂದುಕೊಂಡೆ. ಅವಳು ಮಾತಾಡಲಿಲ್ಲ, ಹಾಗಾಗಿ ಏನೂ ಬರುವುದಿಲ್ಲ ಅಂದುಕೊಂಡೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ: ಗುಣದ ಹೆಸರು ಬರೆಯುವ ಬದಲು ಕಣ್ಣಾರೆ ಕಂಡ ಕೆಲಸ ಬರೆದುಕೊಳ್ಳುವುದು. "ಶಿಸ್ತಿನ ಹುಡುಗಿ" ಎಂದು ಬರೆದರೆ ಉಪಯೋಗವಿಲ್ಲ. "ಎರಡು ಪುಟಗಳ ಅಂಕಿ ತಾಳೆ ಹಾಕಿ ನೋಡಿದಳು, ಯಾರೂ ಹೇಳಿರಲಿಲ್ಲ" ಎಂದು ಬರೆದರೆ ಮುಂದಿನ ಕೆಲಸ ಯಾರಿಗೆ ಕೊಡಬೇಕೆಂದು ಅದರಲ್ಲೇ ಇದೆ. ಯಾರೂ ಹೇಳದೆ ಒಬ್ಬರು ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಬಲ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ.

ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುವುದು

ಎರಡನೇ ತಪ್ಪು ಮೀಟಿಂಗಿನದು. 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ಎಂಬ ಸಂಶೋಧಕರು ನಾಲ್ಕು ಜನರ ಗುಂಪುಗಳಿಗೆ ಒಂದು ಕೆಲಸ ಕೊಟ್ಟರು: ಮೂವರು ಅಭ್ಯರ್ಥಿಗಳಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷರನ್ನು ಆರಿಸಿ. ಎಲ್ಲ ಮಾಹಿತಿ ಒಟ್ಟುಗೂಡಿಸಿದರೆ ಒಬ್ಬ ಅಭ್ಯರ್ಥಿ ಸ್ಪಷ್ಟವಾಗಿ ಮೇಲು. ಆದರೆ ಕೆಲವು ಗುಂಪುಗಳಲ್ಲಿ ಆ ಮಾಹಿತಿಯ ಒಂದು ಭಾಗವನ್ನು ಎಲ್ಲರಿಗೂ ಕೊಟ್ಟು, ಉಳಿದದ್ದನ್ನು ಚೂರು ಚೂರು ಮಾಡಿ ನಾಲ್ವರಿಗೆ ಹಂಚಿದ್ದರು. ಕೂತು ಚರ್ಚಿಸಿದರೂ ಅಂಥ ಹೆಚ್ಚಿನ ಗುಂಪುಗಳು ಸರಿಯಾದ ಅಭ್ಯರ್ಥಿಯನ್ನು ಆರಿಸಲಿಲ್ಲ. ಎಲ್ಲರ ಹತ್ತಿರವೂ ಇದ್ದ ಸಂಗತಿಯೇ ಚರ್ಚೆಗೆ ಬಂತು. ಒಬ್ಬರ ಹತ್ತಿರ ಮಾತ್ರ ಇದ್ದದ್ದು ಅವರ ಹತ್ತಿರವೇ ಉಳಿಯಿತು.

"ನೀವೆಲ್ಲ ನೋಡಿರ್ತೀರಿ ಅಂದ್ಕೊಂಡೆ." ಅದೇ ಅಲ್ವಾ ಇದು?

"ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಎಂದು ಕೊನೆಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ಎಲ್ಲರ ಮನಸ್ಸೂ ಆಗಲೇ ಎದ್ದು ಹೊರಟಿರುತ್ತದೆ. ಬದಲಿಗೆ ಮೊದಲೇ ಒಬ್ಬೊಬ್ಬರನ್ನೂ ಕೇಳಿ: "ನೀನು ನೋಡಿರೋದ್ರಲ್ಲಿ ನಾವು ನೋಡದೆ ಇರೋದು ಏನಿದೆ?" ಲೀಡರ್ ತನ್ನ ಅಭಿಪ್ರಾಯ ಕೊನೆಗೆ ಹೇಳುವುದು ಒಳ್ಳೆಯದು. ಮೊದಲೇ ಹೇಳಿಬಿಟ್ಟರೆ ಉಳಿದವರು ಸುಮ್ನೆ ಹೂಂ ಅನ್ನುತ್ತಾರೆ.

ಎಲ್ಲದರಲ್ಲೂ ಹಿಂದಿರುವವನು ಯಾಕೆ ಬೇಕು?

ಈ ಭಾಗ ನನಗೆ ತುಂಬಾ ಇಷ್ಟವಾಯಿತು. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೋ 1817ರಲ್ಲಿ ದೇಶಗಳ ನಡುವಿನ ವ್ಯಾಪಾರಕ್ಕೆ ಹೇಳಿದ ತರ್ಕ ಇದು. ಅವರ ಉದಾಹರಣೆಯಲ್ಲಿ ಪೋರ್ಚುಗಲ್ ಬಟ್ಟೆ ಮತ್ತು ವೈನ್ ಎರಡನ್ನೂ ಇಂಗ್ಲೆಂಡಿಗಿಂತ ಕಡಿಮೆ ಶ್ರಮದಲ್ಲಿ ಮಾಡುತ್ತದೆ. ಆದರೂ ಪೋರ್ಚುಗಲ್ ವೈನ್ ಮಾಡಿ, ಇಂಗ್ಲೆಂಡ್ ಬಟ್ಟೆ ಮಾಡಿದರೆ ಇಬ್ಬರಿಗೂ ಲಾಭ.

ಟೀಮಿಗೆ ಇಳಿಸಿ ನೋಡೋಣ. ಅನುಭವಿಗೆ ಒಂದು ವರದಿ ಬರೆಯಲು 2 ಗಂಟೆ, ಒಂದು ಪರಿಶೀಲನೆಗೆ 3 ಗಂಟೆ. ಹೊಸಬನಿಗೆ ವರದಿಗೆ 6, ಪರಿಶೀಲನೆಗೆ 4. ಎರಡು ವರದಿ, ಎರಡು ಪರಿಶೀಲನೆ ಆಗಬೇಕು. ತಲಾ ಒಂದೊಂದು ಮಾಡಿದರೆ ಅನುಭವಿಗೆ 5, ಹೊಸಬನಿಗೆ 10, ಒಟ್ಟು 15 ಗಂಟೆ. ಅನುಭವಿ ಎರಡೂ ವರದಿ ಬರೆದು, ಹೊಸಬ ಎರಡೂ ಪರಿಶೀಲನೆ ಮಾಡಿದರೆ 4 ಮತ್ತು 8, ಒಟ್ಟು 12. ಹೊಸಬ ಎರಡರಲ್ಲೂ ನಿಧಾನ, ಆದರೂ ಇಬ್ಬರ ಸಮಯವೂ ಉಳಿಯಿತು. "ಅವನಿಗಿಂತ ನಾನೇ ಬೇಗ ಮಾಡ್ತೀನಿ" ಎಂದು ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವ ಲೀಡರ್ ಈ ಲೆಕ್ಕವನ್ನು ಒಂದು ಸಲ ಕೈಯಲ್ಲೇ ಬರೆದು ನೋಡಬೇಕು: ಒಬ್ಬನೇ ಮಾಡಿದರೆ ಅವನಿಗೇ 10 ಗಂಟೆ, ಹಂಚಿಕೊಂಡರೆ ಅವನಿಗೆ 4.

ಆದರೆ ಇಲ್ಲೊಂದು ಗುಂಡಿ ಇದೆ. ಇದೇ ಲೆಕ್ಕ ಹಿಡಿದು ಹೊಸಬನಿಗೆ ವರ್ಷವಿಡೀ ಪರಿಶೀಲನೆಯನ್ನೇ ಕೊಟ್ಟರೆ ಅವನು ಬರೆಯಲು ಕಲಿಯುವುದು ಯಾವಾಗ? ತಂಡಗಳ ಬಗ್ಗೆ ಸಂಶೋಧನೆ ಮಾಡಿದ ಮೆರೆಡಿತ್ ಬೆಲ್ಬಿನ್ ತಂಡದೊಳಗಿನ ಪಾತ್ರಗಳನ್ನು ಒಂಬತ್ತಾಗಿ ವಿಂಗಡಿಸಿದ್ದು ನಿಮ್ಮ ಪಾಠದಲ್ಲೂ ಇರಬಹುದು. ಹೊಸ ಯೋಚನೆ ತರುವವರು, ಹಿಡಿದ ಕೆಲಸ ಮುಗಿಸುವವರು, ಹೀಗೆ. ಗಮನಿಸಲು ಅದು ಒಳ್ಳೆಯ ಪಟ್ಟಿ. ಹಣೆಗೆ ಅಂಟಿಸುವ ಚೀಟಿ ಆಗಬಾರದು ಅಷ್ಟೇ.

ಗುರುತಿಸಿದ ಮೇಲೆ

ಬೆಲೆ ಕೊಡುವುದು ಅಂದರೆ ಹೊಗಳುವುದು ಎಂದು ನಾವು ಬೇಗ ಅಂದುಕೊಳ್ಳುತ್ತೇವೆ. ಹೊಗಳಿಕೆ ಬೇಡ ಅನ್ನುತ್ತಿಲ್ಲ. ಆದರೆ ಯಾರ ಪಾಲು ಎಷ್ಟು ಅನ್ನುವ ನಮ್ಮ ಲೆಕ್ಕವೇ ಸೊಟ್ಟಗಿರುತ್ತದೆ. 1979ರಲ್ಲಿ ರಾಸ್ ಮತ್ತು ಸಿಕೋಲಿ ಎಂಬ ಸಂಶೋಧಕರು ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿದರೆ ಶೇಕಡಾ ನೂರಕ್ಕಿಂತ ಜಾಸ್ತಿ! ಅವರು ಬೇಕೆಂದೇ ಸುಳ್ಳು ಹೇಳಿದ್ದಲ್ಲ. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ. ಲೀಡರ್‌ಗೂ ಅಷ್ಟೇ.

ಹಾಗಾಗಿ ಮುಂದಿನ ಪ್ರಾಜೆಕ್ಟಿನಲ್ಲಿ ನಾನು ಅವಳಿಗೆ ಒಂದು ಅಧಿಕಾರ ಕೊಟ್ಟೆ. ಅವಳು ಸರಿ ಅನ್ನುವವರೆಗೆ ವರದಿ ಹೊರಗೆ ಹೋಗುವಂತಿಲ್ಲ. ಒಂದು ಸಲ ಅವಳು ನಿಜವಾಗಿಯೂ ತಡೆದಳು. ಒಂದು ಅಂಕಿಯ ಬಗ್ಗೆ ಅನುಮಾನ ಅಂದಳು. ಮಾತುಗಾರ ಗೊಣಗಿದ. ಇಡೀ ದಿನ ಹುಡುಕಿದೆವು, ತಪ್ಪು ಸಿಗಲಿಲ್ಲ, ಅಂಕಿ ಸರಿಯಾಗಿಯೇ ಇತ್ತು. ನನಗೂ ಒಳಗೊಳಗೇ ಸಿಟ್ಟು ಬಂತು. ಅಧಿಕಾರ ವಾಪಸ್ ತೆಗೆದುಕೊಳ್ಳುವ ಮಾತು ನಾಲಿಗೆ ತುದಿವರೆಗೂ ಬಂದಿತ್ತು. ನುಂಗಿಕೊಂಡೆ. ಅದರ ನಂತರದ ವರದಿಯನ್ನೂ ಕೊನೆಗೆ ಓದಿದ್ದು ಅವಳೇ.