ಆ ಒಂದು ವೋಲ್ಟ್ ಎಲ್ಲಿ ಹೋಯಿತು?

ಕಲಬುರಗಿಯಲ್ಲಿ ಕಾರಿನ ಬ್ಯಾಟರಿ ಸತ್ತರೆ ಬೈಗುಳ ಬೀಳುವುದು ಬಿಸಿಲಿಗೆ. ಬೈಯುವುದರಲ್ಲಿ ತಪ್ಪೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಬಾನೆಟ್ಟಿನ ಕೆಳಗಂತೂ ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಹೊಸ ಬ್ಯಾಟರಿ ಕೂರಿಸಿ ವರ್ಷ ತುಂಬುವುದರೊಳಗೆ ಮತ್ತೆ ಕಾರು ತಳ್ಳುವ ಪಾಳಿ ಬಂತೆಂದರೆ ಬಿಸಿಲಿನ ಮೇಲೆ ಹೊರಿಸಿದ ಆರೋಪ ನಿಲ್ಲುವುದಿಲ್ಲ. ಹಳೆಯ ಕಾರುಗಳಲ್ಲಿ ಬ್ಯಾಟರಿ ಹಲವು ಸಲ ಬಲಿಪಶು ಮಾತ್ರ. ತಪ್ಪಿತಸ್ಥ ಬೇರೆಲ್ಲೋ ಕೂತಿರುತ್ತಾನೆ, ಅದೂ ನೂರಿನ್ನೂರು ರೂಪಾಯಿಯ ಸಾಮಾನಿನೊಳಗೆ.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರ ಬಳಿ ಕೆಎ-32 ನೋಂದಣಿಯ ಮಾರುತಿ 800 ಇದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ಮೋಟಾರು ಏದುಸಿರು ಬಿಡುತ್ತಾ ತಿರುಗುತ್ತಿತ್ತು. ಅಂಗಡಿಯವರು ಬ್ಯಾಟರಿ ವೀಕ್ ಎಂದರು, ಬದಲಾಯಿತು. ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಅದೇ ಏದುಸಿರು. ಈ ಸಲ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರ, ಹೋಗಿದೆ ಎಂಬ ತೀರ್ಪು ಬಂತು. ತೀರ್ಪು ಜಾರಿಯಾಗುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡೋಣ ಎಂದು ಬೇವಿನ ನೆರಳಿನಲ್ಲಿ ಬಾನೆಟ್ ತೆರೆದೆವು.

ಅಳೆಯುವ ಮುನ್ನ ಆರೋಗ್ಯವಂತ ಕಾರಿನ ಅಂಕಿಗಳು ತಿಳಿದಿರಬೇಕು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ–ಆಮ್ಲದ ಬ್ಯಾಟರಿಯೇ ಇಂದಿಗೂ ನಮ್ಮ ಕಾರುಗಳಲ್ಲಿದೆ. ಒಳಗೆ ಆರು ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.2ಕ್ಕೆ ಬಂದಿದ್ದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸಿದರೆ ಸರಿಯಾಗಿದೆ ಎಂದುಕೊಳ್ಳುವವರು ಬಹಳ. ವಾಸ್ತವದಲ್ಲಿ ಅದು ಬಹುಪಾಲು ಬರಿದಾಗಿರುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ 13.8ರಿಂದ 14.4 ವೋಲ್ಟ್ ಇರಬೇಕು. ಅಂದರೆ ಚಾರ್ಜ್ ಆಗುವ ಬ್ಯಾಟರಿಗೂ ಆಗದಿರುವುದಕ್ಕೂ ಇರುವ ಅಂತರ ಒಂದೂವರೆ ವೋಲ್ಟಿನಷ್ಟು ಮಾತ್ರ. ಈ ಚಿಕ್ಕ ಅಂತರದಲ್ಲಿ ಒಂದು ವೋಲ್ಟ್ ದಾರಿಯಲ್ಲಿ ಕಳೆದುಹೋದರೆ ಉಳಿಯುವುದೇನು?

ಹೆಡ್‌ಲೈಟು, ಬ್ಲೋವರ್ ಹಾಕಿ, ಎಂಜಿನ್ ವೇಗವನ್ನು ತುಸು ಏರಿಸಿ ಬ್ಯಾಟರಿಯ ಮೇಲೆ ಅಳೆದಾಗ ಸಿಕ್ಕಿದ್ದು 13.1. ಇಲ್ಲಿಗೇ ನಿಲ್ಲಿಸಿದ್ದರೆ ಆಲ್ಟರ್ನೇಟರಿಗೆ ಮರಣದಂಡನೆ ಖಾಯಂ. ಮೀಟರಿನ ಕಡ್ಡಿಗಳನ್ನು ಆಲ್ಟರ್ನೇಟರಿನ ಬೆನ್ನಿನಲ್ಲಿರುವ ದಪ್ಪ ಬೋಲ್ಟಿಗೂ ಅದರ ಲೋಹದ ಮೈಗೂ ಮುಟ್ಟಿಸಿದರೆ 14.2! ಆಲ್ಟರ್ನೇಟರ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು. 1.1 ವೋಲ್ಟ್ ನಡುದಾರಿಯಲ್ಲಿ ಮಾಯವಾಗಿತ್ತು.

ಅದನ್ನು ಹುಡುಕುವ ಉಪಾಯವನ್ನು 1845ರಲ್ಲಿ ಗುಸ್ತಾವ್ ಕಿರ್ಕಾಫ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಬರೆದಿಟ್ಟಿದ್ದಾನೆ. ಮುಚ್ಚಿದ ಮಂಡಲವೊಂದರಲ್ಲಿ ಒಂದು ಸುತ್ತು ಹಾಕಿ ಬಂದರೆ ಏರಿದ ವೋಲ್ಟು, ಇಳಿದ ವೋಲ್ಟು ಸರಿಸಮವಾಗಲೇಬೇಕು. ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ನಿಯಮ. ಅದು ಎಷ್ಟು ಹರಿತವಾದ ಹತ್ಯಾರವೆಂದು ತಿಳಿಯುವುದು ಕೈಗೆ ಗ್ರೀಸ್ ಮೆತ್ತಿಕೊಂಡಾಗಲೇ. ಆಲ್ಟರ್ನೇಟರ್, ದಪ್ಪ ತಂತಿ, ಬ್ಯಾಟರಿ, ಕಾರಿನ ಮೈ, ಎಂಜಿನ್ನಿನ ಮೈ, ಮರಳಿ ಆಲ್ಟರ್ನೇಟರ್: ಇದೇ ಆ ಮಂಡಲ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಧನ ತುದಿಗೆ ಹಿಡಿದಾಗ 0.2 ವೋಲ್ಟ್. ಹಳೆಯ ತಂತಿಗೆ ಅಷ್ಟು ಕ್ಷಮಿಸಬಹುದು. ಬಳಿಕ ಬ್ಯಾಟರಿಯ ಋಣ ತುದಿಗೂ ಆಲ್ಟರ್ನೇಟರಿನ ಮೈಗೂ ಹಿಡಿದೆವು. ಅಲ್ಲಿತ್ತು ಉಳಿದ 0.9. ಲೆಕ್ಕ ಚುಕ್ತಾ.

ಋಣ ತುದಿಯ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಅರ್ಥಿಂಗ್ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಈ ಕಾರಿನಲ್ಲಿ ಅದರ ಬೋಲ್ಟಿನ ಸುತ್ತ ಹಸಿರು ಪುಡಿ ಕಟ್ಟಿತ್ತು. ಬೆರಳಿನಿಂದ ಎಳೆದರೆ ತಾಮ್ರದ ಎಳೆಗಳು ಒಣ ಹುಲ್ಲಿನ ಹಾಗೆ ಮುರಿದು ಬಂದವು. ಎಂಜಿನ್ ಓಡಿದ ಮೇಲೆ ಬೋಲ್ಟನ್ನು ಮುಟ್ಟಿದರೆ ಅಕ್ಕಪಕ್ಕದ ಲೋಹಕ್ಕಿಂತ ಸ್ಪಷ್ಟವಾಗಿ ಬಿಸಿ. ಏಕೆಂದರೆ ಕಳೆದುಹೋದ ವೋಲ್ಟು ನಿಜವಾಗಿ ಕಳೆದುಹೋಗುವುದಿಲ್ಲ, ಅದು ಶಾಖವಾಗುತ್ತದೆ. ಆ ದಾರಿಯಲ್ಲಿ 30 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಂಡರೆ 0.9 ವೋಲ್ಟ್ ನಷ್ಟಕ್ಕೆ 0.03 ಓಮ್ ಪ್ರತಿರೋಧ ಸಾಕು. 27 ವ್ಯಾಟ್ ಶಾಖ ಸದಾ ಆ ಕೀಲಿನಲ್ಲಿ.

ಬೆಳಗಿನ ಏದುಸಿರಿಗೂ ಉತ್ತರ ಇದರಲ್ಲೇ ಇದೆ. ಸೆಲ್ಫ್ ಮೋಟಾರು ಎಳೆಯುವುದು ನೂರು ಆಂಪಿಯರಿಗೂ ಹೆಚ್ಚು. ಅದೇ 0.03 ಓಮ್ ಈಗ ಮೂರು ವೋಲ್ಟನ್ನು ನುಂಗುತ್ತದೆ. ಬ್ಯಾಟರಿ ಎಷ್ಟೇ ಹೊಸದಿರಲಿ, ಮೋಟಾರಿಗೆ ತಲುಪುವುದು ಏಳೋ ಎಂಟೋ ವೋಲ್ಟ್. ಕೇಳುವ ಕಿವಿಗೆ ಅದು ಬ್ಯಾಟರಿ ವೀಕ್ ಆದಂತೆಯೇ ಕೇಳಿಸುತ್ತದೆ. ಕೆಲವು ಕಾರುಗಳಲ್ಲಿ ಅರ್ಥಿಂಗ್ ಪಟ್ಟಿ ಪೂರಾ ತುಂಡಾದರೆ ವಿದ್ಯುತ್ತು ಬೇರೆ ದಾರಿ ಸಿಗದೆ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ನುಗ್ಗುತ್ತದೆ. ಕೇಬಲ್ಲು ಸುಟ್ಟು ಹೊಗೆಯಾಡಿದ ಮೇಲೂ ಕಾರಣ ತಿಳಿಯದೆ ಕೇಬಲ್ ಬದಲಿಸಿಕೊಂಡು ಹೋದವರಿದ್ದಾರೆ.

ಇಷ್ಟೆಲ್ಲ ಆಗುತ್ತಿದ್ದರೂ ಆಲ್ಟರ್ನೇಟರಿನೊಳಗಿನ ರೆಗ್ಯುಲೇಟರಿಗೆ ಸುಳಿವಿಲ್ಲ. ಅದರ ಕೆಲಸ ವೋಲ್ಟನ್ನು ಗಮನಿಸುತ್ತಾ, ಕಡಿಮೆಯಾದರೆ ಒಳಗೆ ತಿರುಗುವ ರೋಟರ್ ಸುರುಳಿಗೆ ಹೆಚ್ಚು ವಿದ್ಯುತ್ ಬಿಟ್ಟು ಅಯಸ್ಕಾಂತವನ್ನು ಬಲಪಡಿಸುವುದು, ಹೆಚ್ಚಾದರೆ ತಗ್ಗಿಸುವುದು. ಆದರೆ ಅದು ಅಳೆಯುವುದು ತಾನು ಬಿಗಿದು ಕೂತಿರುವ ಮೈಯನ್ನೇ ಸೊನ್ನೆ ಎಂದು ಭಾವಿಸಿ. ಗಂಜ್‌ನಲ್ಲಿ ತೂಕ ಹಾಕಿ ಕಳಿಸಿದ ತೊಗರಿ ಮೂಟೆ ದಾರಿಯಲ್ಲಿ ಸೋರಿದರೆ ತೂಗಿದವನಿಗೆ ಏನು ಗೊತ್ತು? ಅವನ ತಕ್ಕಡಿಯ ಪ್ರಕಾರ ಎಲ್ಲವೂ ಸರಿ. ಅತ್ತ ಬ್ಯಾಟರಿ ಪ್ರತಿದಿನ ಅರೆಹೊಟ್ಟೆಯಲ್ಲಿ ಮಲಗುತ್ತದೆ. ಪೂರ್ತಿ ತುಂಬದೆ ಉಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮುಂದೆ ಚಾರ್ಜ್ ಮಾಡಿದರೂ ಕರಗುವುದಿಲ್ಲ. ಮಾಸ್ತರರ ಮೊದಲ ಬ್ಯಾಟರಿ ಸತ್ತದ್ದು ಹೀಗೆ.

ತಂತಿ ಸರಿಯಿದೆಯೇ ಎಂದು ನೋಡಲು ಮೀಟರನ್ನು ಬೀಪ್ ಸದ್ದಿಗೆ ಇಟ್ಟು ಪರೀಕ್ಷಿಸುವ ರೂಢಿಯೊಂದಿದೆ. ಈ ರೋಗಕ್ಕೆ ಆ ಮದ್ದು ನಾಟುವುದಿಲ್ಲ. ಮೀಟರಿನ ಕಡ್ಡಿಗಳ ಪ್ರತಿರೋಧವೇ 0.2–0.3 ಓಮ್ ಇರುವಾಗ 0.03 ಅದಕ್ಕೆ ಹೇಗೆ ಕಾಣಬೇಕು? ಒಂದೇ ಎಳೆ ಉಳಿದ ತಂತಿಯೂ ಬೀಪ್ ಎನ್ನುತ್ತದೆ. ವಿದ್ಯುತ್ತು ಹರಿಯುತ್ತಿರುವಾಗಲೇ, ಭಾರ ಹೊತ್ತಿರುವಾಗಲೇ ವೋಲ್ಟಿನ ವ್ಯತ್ಯಾಸ ಹಿಡಿಯಬೇಕು. ಈ ಕೆಲಸಕ್ಕೆ ಬಾಗುವ ಮುನ್ನ ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಡಿ. ತಿರುಗುವ ಬೆಲ್ಟಿಗೆ ದಾಕ್ಷಿಣ್ಯವಿಲ್ಲ.

ವ್ಯತ್ಯಾಸ ಹಿಡಿಯುವ ಇನ್ನೊಂದು ಉಪಕರಣ ಕಾರಿನಲ್ಲೇ ಇದೆ, ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಹಳೆಯ ವಿನ್ಯಾಸಗಳಲ್ಲಿ ಇದರ ಒಂದು ತುದಿ ಕೀಲಿಯ ಮೂಲಕ ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಎಂಜಿನ್ ನಿಂತಿರುವಾಗ ಆಲ್ಟರ್ನೇಟರಿನ ಕಡೆ ವೋಲ್ಟೇ ಇಲ್ಲದ್ದರಿಂದ ವಿದ್ಯುತ್ತು ದೀಪವನ್ನು ಬೆಳಗಿಸಿ ರೋಟರಿನೊಳಗೆ ಇಳಿಯುತ್ತದೆ, ಮೊದಲ ಅಯಸ್ಕಾಂತತ್ವವನ್ನು ಅದೇ ಕೊಡುತ್ತದೆ. ಉತ್ಪಾದನೆ ಶುರುವಾದೊಡನೆ ಎರಡೂ ತುದಿ ಸಮವಾಗಿ ದೀಪ ಆರುತ್ತದೆ. ಹಾಗಾಗಿ ಕೀಲಿ ತಿರುಗಿಸಿದಾಗ ದೀಪ ಹೊತ್ತದಿದ್ದರೆ ಸಮಾಧಾನಪಡುವ ಬದಲು ಅನುಮಾನಪಡಬೇಕು: ಸುಟ್ಟುಹೋದ ಚಿಕ್ಕ ಬಲ್ಬೊಂದು ಇಡೀ ಚಾರ್ಜಿಂಗನ್ನೇ ಮಲಗಿಸಬಲ್ಲದು. ಎಂಜಿನ್ ಓಡುವಾಗ ಮಂಕಾಗಿ ಮಿನುಗುತ್ತಿದ್ದರೆ ಡಯೋಡ್ ಮೇಲೆ ಕಣ್ಣಿಡಿ. ಮಾಸ್ತರರ ಕಾರಿನಲ್ಲಿ ಈ ದೀಪ ಸರಿಯಾಗಿ ಹೊತ್ತಿ ಸರಿಯಾಗಿ ಆರುತ್ತಿತ್ತು. ಅರ್ಥಿಂಗಿನ ನಷ್ಟ ಅದಕ್ಕೂ ಕಾಣುವುದಿಲ್ಲ.

ಡಯೋಡ್ ಎಂದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಂತೆ, ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆದರೆ ಆಲ್ಟರ್ನೇಟರಿನಲ್ಲಿ ಹುಟ್ಟುವುದು ಹಿಂದೆ ಮುಂದೆ ಹರಿಯುವ ಪರ್ಯಾಯ ವಿದ್ಯುತ್. ಅದನ್ನು ಒಂದೇ ದಿಕ್ಕಿಗೆ ತಿರುಗಿಸಲು ಆರು ಸಿಲಿಕಾನ್ ಡಯೋಡುಗಳಿವೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಡಯೋಡೊಂದು ಕೈಕೊಟ್ಟಿದೆ ಎಂದು ಶಂಕಿಸಬಹುದು. ರೋಟರಿಗೆ ವಿದ್ಯುತ್ ತಲುಪುತ್ತಿದೆಯೇ ಎಂಬುದಕ್ಕಂತೂ ಮೀಟರೂ ಬೇಡ. ಕೀಲಿ ತಿರುಗಿಸಿ, ಎಂಜಿನ್ ಶುರು ಮಾಡದೆ, ಸ್ಕ್ರೂ ಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಪುಲ್ಲಿಯ ಬಳಿ ತಂದರೆ ಅದು ಮೆಲ್ಲಗೆ ಎಳೆದುಕೊಳ್ಳಬೇಕು. ಎಳೆಯದಿದ್ದರೆ, ತಿರುಗುವ ರೋಟರಿಗೆ ಉಜ್ಜುತ್ತಾ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆಯೆಂಬುದೇ ಮೊದಲ ಅನುಮಾನ.

ಒಂದು ಪರೀಕ್ಷೆಯನ್ನು ಮಾತ್ರ ಯಾರಿಗೂ ಮಾಡಗೊಡಬೇಡಿ. ಓಡುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಎಂದು ಹೇಳುವ ಪರಿಪಾಠ ಹೆದ್ದಾರಿ ಬದಿಯಲ್ಲಿ ಇನ್ನೂ ಜೀವಂತವಾಗಿದೆ. ಡೈನಮೊ ಇದ್ದ ಹಳೆಯ ಅಂಬಾಸಿಡರ್ ಕಾಲದ ವಿದ್ಯೆ ಅದು. ಚಾರ್ಜ್ ಮಾಡುತ್ತಿರುವ ಆಲ್ಟರ್ನೇಟರಿನಿಂದ ಬ್ಯಾಟರಿಯನ್ನು ಒಮ್ಮೆಲೇ ಬಿಡಿಸಿದರೆ ರೋಟರಿನ ಕಾಂತಕ್ಷೇತ್ರ ತಗ್ಗಲು ಕ್ಷಣಕಾಲ ಬೇಕು. ಆ ಕ್ಷಣದಲ್ಲಿ ವೋಲ್ಟು 80–100ಕ್ಕೂ ಚಿಮ್ಮಬಹುದು. ಸರಿಯಾಗಿದ್ದ ರೆಗ್ಯುಲೇಟರು, ಡಯೋಡು, ಇಂಧನ ನಿಯಂತ್ರಿಸುವ ಕಂಪ್ಯೂಟರು ಎಲ್ಲವೂ ಆಹುತಿ. ಪರೀಕ್ಷೆ ಮುಗಿದಾಗ ಆಲ್ಟರ್ನೇಟರ್ ನಿಜವಾಗಿಯೂ ಕೆಟ್ಟಿರುತ್ತದೆ, ತೀರ್ಪು ಹೇಳಿದವನ ಮಾತು ನಿಜವಾಗುತ್ತದೆ.

ಬಿಸಿಲು ಪೂರ್ಣ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ತಾಪ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ನೀರು ಆರುವುದು, ಸೀಸದ ಜಾಲರಿ ತುಕ್ಕು ಹಿಡಿಯುವುದು, ಸುಮ್ಮನಿದ್ದಾಗಲೂ ಚಾರ್ಜ್ ಇಳಿಯುವುದು ಎಲ್ಲವೂ ಅದೇ ಗತಿಯಲ್ಲಿ. ಸೋಜಿಗವೆಂದರೆ, ಬೇಸಿಗೆಯಲ್ಲಿ ಬಿದ್ದ ಪೆಟ್ಟು ಬಯಲಾಗುವುದು ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಜಾಲರಿ ಸವೆಸಿಕೊಂಡ ಬ್ಯಾಟರಿ, ಡಿಸೆಂಬರಿನಲ್ಲಿ ಬೀದರ್‌ಗೆ ಮದುವೆಗೆಂದು ಹೋಗಿ ಅಲ್ಲಿನ ಥಂಡಿಯಲ್ಲಿ ರಾತ್ರಿ ಕಳೆದರೆ ಬೆಳಿಗ್ಗೆ ಕೈ ಎತ್ತುತ್ತದೆ. ಚಳಿಗೆ ಎಂಜಿನ್ ಎಣ್ಣೆ ಮಂದವಾಗಿ ಮೋಟಾರಿಗೆ ಹೆಚ್ಚು ಬಲ ಬೇಕು, ಬ್ಯಾಟರಿಯ ಕ್ರಿಯೆಯೋ ನಿಧಾನ. ಬೈಗುಳ ಆಗ ಬೀದರ್‌ನ ಚಳಿಗೆ.

ಬಿಸಿಲಿಗೆ ಆರಿದ ನೀರನ್ನು ತುಂಬುವಾಗ ಬೋರ್‌ವೆಲ್ ನೀರು ಸುರಿಯುವವರನ್ನು ಕಂಡಿದ್ದೇನೆ. ಶಹಾಬಾದ್, ವಾಡಿ, ಸೇಡಂ ಕಡೆಯ ನೆಲವೆಂದರೆ ಸುಣ್ಣದ ಕಲ್ಲು; ಅಲ್ಲಿಯ ನೀರಿನಲ್ಲಿ ಕರಗಿರುವ ಲವಣಗಳು ಫಲಕಗಳಿಗೆ ವಿಷ. ಡಿಸ್ಟಿಲ್ಡ್ ನೀರೇ ಆಗಬೇಕು. ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಬಳಿ ಓಡುವ ಗಾಡಿಗಳಲ್ಲಿ ಇನ್ನೊಂದು ಕಾಟ: ಬ್ಯಾಟರಿಯ ನೆತ್ತಿಯ ಮೇಲೆ ಆಮ್ಲದ ತೇವ, ದೂಳು ಬೆರೆತು ಪದರ ಕಟ್ಟುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಋಣ ತುದಿಗಿಟ್ಟು, ಕೆಂಪು ಕಡ್ಡಿಯನ್ನು ಬರಿಯ ಪ್ಲಾಸ್ಟಿಕ್ಕಿನ ಮೇಲೆ ಎಳೆದರೂ ಕೆಲವೊಮ್ಮೆ ಒಂದೆರಡು ವೋಲ್ಟ್ ತೋರಿಸುವುದುಂಟು. ಆ ಕೊಳೆಯ ಮೂಲಕ ಬ್ಯಾಟರಿ ತಾನೇ ತಾನಾಗಿ ಸೋರುತ್ತಿರುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು, ಮುಚ್ಚಳದ ರಂಧ್ರಗಳೊಳಗೆ ಮಾತ್ರ ಅದು ಇಳಿಯಬಾರದು.

ಎಲ್ಲ ವ್ಯತ್ಯಾಸಗಳೂ ಸರಿಯಿದ್ದು, ಆಲ್ಟರ್ನೇಟರಿನ ಬೆನ್ನಿನಲ್ಲೇ 13 ವೋಲ್ಟ್ ದಾಟದಿದ್ದರೆ ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಹೆಚ್ಚಿನ ಹಳೆಯ ಕಾರುಗಳಲ್ಲಿ ಒಂದು ಸೆಂಟಿಮೀಟರಿನಷ್ಟು ಬಗ್ಗಬೇಕು, ಅದಕ್ಕೂ ಮೀರಿದರೆ ಅದು ಜಾರುತ್ತಿದೆ. ಬೆಲ್ಟೂ ಬಿಗಿಯಾಗಿದ್ದರೆ ಆಲ್ಟರ್ನೇಟರನ್ನು ಬಿಚ್ಚಿ ವೈಂಡಿಂಗ್ ಅಂಗಡಿಗೆ ಒಯ್ಯುವುದೇ ಸೈ. ಅಲ್ಲಿ ಇಡೀ ಯಂತ್ರವನ್ನು ಬದಲಿಸಿ ಕೊಡುತ್ತೇವೆ ಎನ್ನುವುದಕ್ಕೆ ಮೊದಲೇ ಬ್ರಷ್, ರೆಗ್ಯುಲೇಟರ್, ಡಯೋಡ್ ತಟ್ಟೆ, ಬೇರಿಂಗ್ ಇವನ್ನು ಬಿಡಿಬಿಡಿಯಾಗಿ ಪರೀಕ್ಷಿಸಲು ಕೇಳಿ. ಮೂಲ ಸುರುಳಿ ಸುಟ್ಟಿಲ್ಲದಿದ್ದರೆ ಹಳೆಯದನ್ನೇ ರಿಪೇರಿ ಮಾಡಿಸಿಕೊಳ್ಳುವುದು ಲೇಸು, ಏಕೆಂದರೆ ಬದಲಿಗೆ ಸಿಗುವ ರೀಕಂಡೀಷನ್ ಮಾಲು ಯಾರ ಗಾಡಿಯಲ್ಲಿ ಎಷ್ಟು ದುಡಿದು ಬಂದದ್ದೋ. ಮಾಸ್ತರರಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಹೊಸ ಅರ್ಥಿಂಗ್ ಪಟ್ಟಿಗೆ, ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದ ಕೂಲಿಗೆ ಸೇರಿ ಆದ ಖರ್ಚು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ಅದೇ ಹೆಡ್‌ಲೈಟು, ಅದೇ ಬ್ಲೋವರ್ ಹಾಕಿ ಅಳೆದಾಗ ಬ್ಯಾಟರಿಯ ಮೇಲೆ 13.9 ಬಂತು, ಧನ ತುದಿಯ ಹಳೆಯ ತಂತಿಯ 0.2 ಇನ್ನೂ ಹಾಗೆಯೇ ಇದೆ, ಅದನ್ನು ಮುಂದಿನ ಸರ್ವಿಸಿಗೆ ನೋಡಿಕೊಳ್ಳೋಣ ಎಂದರು.