ಟಿಂಬರ್ ಫ್ರೇಮ್: ಗೋಡೆಯ ಹಂಗಿಲ್ಲದ ಮನೆ

ಇಂಗ್ಲೆಂಡಿನ ಹಳ್ಳಿಗಳ ಚಿತ್ರಗಳಲ್ಲಿ ಬಿಳಿ ಗೋಡೆಯ ಮೇಲೆ ಕಪ್ಪು ತೊಲೆಗಳು ಅಡ್ಡಡ್ಡ, ಉದ್ದುದ್ದ ಹಾಯ್ದಿರುವ ಹಳೆಯ ಪಬ್‌ಗಳನ್ನು ನೋಡಿರುತ್ತೀರಿ. ಆ ತೊಲೆಗಳನ್ನು ಅಲಂಕಾರವೆಂದು ತಿಳಿಯುವವರೇ ಹೆಚ್ಚು. ಹಳೆಯ ಕಟ್ಟಡಗಳಲ್ಲಿ ಮನೆಯನ್ನು ಹೊತ್ತು ನಿಂತಿರುವುದೇ ಅವು. ಮೊದಲು ಮರದ ಹಂದರ ಏಳುತ್ತದೆ, ಮಾಡಿನ ಭಾರ ಅದರ ಮೂಲಕವೇ ನೆಲಕ್ಕಿಳಿಯುತ್ತದೆ. ಗೋಡೆಯನ್ನು ಆಮೇಲೆ ತುಂಬುತ್ತಾರೆ. ಈ ಕಟ್ಟಡ ವಿಧಾನವೇ ಟಿಂಬರ್ ಫ್ರೇಮ್.

ವುಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಹಳ್ಳಿಯಲ್ಲಿರುವ ಫ್ಲೀಸ್ ಇನ್ ಇಂಥದ್ದು. ಮಧ್ಯಯುಗದಲ್ಲಿ ರೈತ ಕುಟುಂಬವೊಂದು ತನಗೂ ದನಕರುಗಳಿಗೂ ಒಂದೇ ಸೂರಿನಡಿ ಕಟ್ಟಿಕೊಂಡ ಮನೆ ಅದು. ಪಬ್ ಆದದ್ದು 1848ರಲ್ಲಿ. ಆ ವಂಶದ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

ಇಂಥ ಕಟ್ಟಡದ ಜೀವವಿರುವುದು ಅದರ ಸಂದುಗಳಲ್ಲಿ. ಬಡಗಿಗಳು ಆಗಷ್ಟೇ ಕಡಿದ ಹಸಿ ಓಕ್ ಮರವನ್ನೇ ಬಳಸುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ಕುಳಿಯಲ್ಲಿ ಕೂರಿಸಿ, ಎರಡನ್ನೂ ಹಾದುಹೋಗುವಂತೆ ಮರದ ಗೂಟ ಬಡಿಯುತ್ತಿದ್ದರು. ಎರಡೂ ತೊಲೆಗಳ ತೂತುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಆಚೀಚೆ ಕೊರೆಯುತ್ತಿದ್ದರು. ಗೂಟ ಒಳಹೊಕ್ಕಂತೆ ಸಂದು ತಾನಾಗಿ ಬಿಗಿದುಕೊಳ್ಳುತ್ತಿತ್ತು. ಎಂಥ ಲೆಕ್ಕಾಚಾರ! ಹಂದರವನ್ನು ಮೊದಲು ನೆಲದ ಮೇಲೆ ಹಾಸಿ ಜೋಡಿಸಿ, ಬಿಚ್ಚಿ, ಜಾಗಕ್ಕೆ ಸಾಗಿಸಿ ಮತ್ತೆ ನಿಲ್ಲಿಸುತ್ತಿದ್ದರು. ಯಾವ ತುದಿ ಯಾವುದಕ್ಕೆ ಎಂದು ತಿಳಿಯಲು ಕೆತ್ತಿದ ರೋಮನ್ ಅಂಕಿಗಳಂಥ ಗುರುತುಗಳು ಅನೇಕ ಹಳೆಯ ತೊಲೆಗಳ ಮೇಲೆ ಇಂದಿಗೂ ಕಾಣುತ್ತವೆ. ಮರ ಒಣಗುತ್ತಾ ಸೊಟ್ಟಗಾಗುತ್ತದೆ. ಇಂಥ ಪಬ್‌ಗಳ ಓರೆಕೋರೆಗೆ ಅದೂ ಒಂದು ಕಾರಣ.

ತೊಲೆಗಳ ನಡುವಿನ ಜಾಗಕ್ಕೆ ಸೀಳುಕೋಲುಗಳ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುತ್ತಿದ್ದರು. ನಮ್ಮ ಹಳ್ಳಿಗಳ ತಡಿಕೆ ಗೋಡೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಲೆಗಳಿಗೆ ಕಪ್ಪು ಬಳಿಯುವುದು ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿದ ಅಭಿರುಚಿ. ಬಣ್ಣ ಕಾಣದ ಓಕ್ ಬೆಳ್ಳಿಯಂಥ ಬೂದುಬಣ್ಣಕ್ಕೆ ತಿರುಗುತ್ತದೆ. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ.

2004ರಲ್ಲಿ ಫ್ಲೀಸ್ ಇನ್‌ನ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದಿತು. ದುರಸ್ತಿಯಾಗಿ ಮರುವರ್ಷ ಮತ್ತೆ ತೆರೆಯಿತು. ದಪ್ಪ ಓಕ್ ತೊಲೆಯ ಹೊರಮೈ ಕರಿದಾದರೂ ಆ ಇದ್ದಿಲ ಪದರವೇ ಒಳತಿರುಳನ್ನು ಬಹಳ ಹೊತ್ತು ಕಾಯುತ್ತದೆ. ಇಂಥ ಮರಕ್ಕೆ ಬೆಂಕಿಯಷ್ಟೇ ದೊಡ್ಡ ಶತ್ರು ಸಿಮೆಂಟ್. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಡುತ್ತದೆ, ತೊಲೆ ಒಳಗೊಳಗೇ ಕೊಳೆಯುತ್ತದೆ. ಅದಕ್ಕಾಗಿಯೇ ಈಗಿನ ದುರಸ್ತಿಗಾರರು ಹಿಂದಿನವರು ಬಳಿದ ಸಿಮೆಂಟನ್ನು ಕೆರೆದು ತೆಗೆದು, ಮತ್ತೆ ಸುಣ್ಣಕ್ಕೇ ಮರಳುತ್ತಿದ್ದಾರೆ.